ಕಂಪ್ಯೂಟರ್ ‘ಆಗುವುದಿಲ್ಲ’ ಎಂದಾಗ

ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ಹಾಕಲು ಹೋಗಿ ದೋಷ ಸಂದೇಶದ ಮುಂದೆ ಕೂತವರಿಗೆ

ಟರ್ಮಿನಲ್ ಕಿಟಕಿಯಲ್ಲಿ ಇಪ್ಪತ್ತು ಮೂವತ್ತು ಸಾಲು ಸರಸರನೆ ಹರಿದು ಹೋಗುತ್ತವೆ. ಕೊನೆಗೆ ‘ಇ:’ ಎಂದು ಶುರುವಾಗುವ ಒಂದು ಸಾಲು ಬಂದು ಎಲ್ಲವೂ ನಿಂತುಬಿಡುತ್ತದೆ. ಲಿನಕ್ಸ್‌ಗೆ ಹೊಸದಾಗಿ ಬಂದವರೆಲ್ಲ ಒಂದಲ್ಲ ಒಂದು ದಿನ ಈ ಸಾಲಿನೆದುರು ಕೂತವರೇ. ‘ಇ’ ಎಂದರೆ ಎರರ್. ‘ಡಬ್ಲ್ಯೂ’ ಎಂದಿದ್ದರೆ ಬರಿಯ ಎಚ್ಚರಿಕೆ, ಕೆಲಸ ನಿಂತಿರುವುದಿಲ್ಲ.

ಈ ಮಾತನ್ನು ಈಗ ಆಡಲು ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಆದರೆ ಕೀಬೋರ್ಡಿನಿಂದ ಪರದೆಯವರೆಗೆ ಎಲ್ಲವೂ ಗಟ್ಟಿಮುಟ್ಟಾಗಿರುವ ಲ್ಯಾಪ್‌ಟಾಪ್‌ಗಳು ಮನೆಗಳಲ್ಲಿ ಉಳಿದುಕೊಂಡಿವೆ. ಎಸೆಯಲು ಮನಸ್ಸು ಬಾರದವರು ಅವಕ್ಕೆ ಉಬುಂಟುವನ್ನೋ ಲಿನಕ್ಸ್ ಮಿಂಟನ್ನೋ ಹಾಕಿಕೊಳ್ಳುತ್ತಾರೆ. ಬ್ರೌಸರ್ ಓಡುತ್ತದೆ, ವಿಡಿಯೊ ಬರುತ್ತದೆ, ಹಳೆಯ ಯಂತ್ರ ಮತ್ತೆ ಚುರುಕಾಯಿತೆಂದು ಖುಷಿಯೂ ಆಗುತ್ತದೆ. ಆಮೇಲೆ ಮಗಳ ಕಾಲೇಜಿಗೊಂದು ಸಾಫ್ಟ್‌ವೇರ್ ಬೇಕಾಗುತ್ತದೆ. ಹಾಕಲು ಹೋದರೆ ಕಂಪ್ಯೂಟರ್ ‘ಆಗುವುದಿಲ್ಲ’ ಎನ್ನುತ್ತದೆ.

ಆಗ ಹೆಚ್ಚಿನವರು ಮಾಡುವುದು ಒಂದೇ: ಸಂದೇಶವನ್ನು ಗೂಗಲ್‌ಗೆ ಹಾಕಿ, ಮೊದಲು ಸಿಕ್ಕ ಆದೇಶವನ್ನು ತಂದು ಅಂಟಿಸಿ, ಎಂಟರ್ ಒತ್ತುವುದು. ಕೆಲವೊಮ್ಮೆ ಅದೃಷ್ಟ ಕೈಹಿಡಿಯುತ್ತದೆ. ಹಲವು ಸಲ, ಸಣ್ಣದಾಗಿದ್ದ ತೊಂದರೆ ಇಡೀ ಸಿಸ್ಟಂ ಮತ್ತೆ ಹಾಕುವಲ್ಲಿಗೆ ಬಂದು ನಿಲ್ಲುತ್ತದೆ. ಲಿನಕ್ಸ್‌ನ ಪ್ಯಾಕೇಜ್ ವ್ಯವಸ್ಥೆ ಸುಮ್ಮನೆ ಹಟ ಹಿಡಿಯುವುದಿಲ್ಲ. ಅದು ಬೇಡ ಎನ್ನುವುದು ಬಹುಮಟ್ಟಿಗೆ ನಮ್ಮ ಯಂತ್ರವನ್ನು ಉಳಿಸಲೆಂದೇ. ಏಕೆ ಬೇಡವೆಂದಿತು ಎಂಬುದನ್ನು ಓದಿಕೊಂಡರೆ ಅರ್ಧ ರಿಪೇರಿ ಆದಂತೆ.

ಇಲ್ಲಿನ ಉದಾಹರಣೆಗಳೆಲ್ಲ ಡೆಬಿಯನ್, ಉಬುಂಟು, ಮಿಂಟ್ ಕುಟುಂಬದವು. ಆದೇಶಗಳನ್ನು ಕನ್ನಡದಲ್ಲಿ ಬರೆದಿದ್ದರೂ ಟೈಪ್ ಮಾಡಬೇಕಾದ್ದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ. ಆಡಳಿತಗಾರನ ಅಧಿಕಾರ ಕೊಡುವ ‘ಸುಡೊ’ ಪಾಸ್‌ವರ್ಡ್ ಕೇಳಿದಾಗ ಕೆಲವು ಕಡೆ ಪರದೆಯ ಮೇಲೆ ಒಂದು ಚುಕ್ಕಿಯೂ ಮೂಡುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ.

ಹಂಚಿಕೊಂಡು ಬಾಳುವ ಕಡತಗಳು

ತೊಂಬತ್ತರ ದಶಕದ ಆರಂಭದಲ್ಲಿ ಲಿನಕ್ಸ್‌ಗೆ ಸಾಫ್ಟ್‌ವೇರ್ ಹಾಕುವುದೆಂದರೆ ಮೂಲ ಸಂಕೇತವನ್ನು ತಂದು, ನಾವೇ ಕಂಪೈಲ್ ಮಾಡಿ, ಕಡತಗಳನ್ನು ಅಲ್ಲಲ್ಲಿ ಇಟ್ಟುಕೊಳ್ಳುವುದು. ಯಾವ ಕಡತ ಯಾವುದರದೆಂದು ಲೆಕ್ಕವಿಡುವವರಿರಲಿಲ್ಲ. ತೆಗೆದುಹಾಕಬೇಕೆಂದರೆ ಇನ್ನೂ ಕಷ್ಟ. 1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಘೋಷಿಸಿದರು. ತಮ್ಮ ಹೆಸರಿಗೆ ಗೆಳತಿ ಡೆಬ್ರಾಳ ಹೆಸರನ್ನು ಸೇರಿಸಿ ಕಟ್ಟಿದ ಹೆಸರದು. ಅದರಿಂದ ಹುಟ್ಟಿದ್ದು ‘ಡಿಪಿಕೆಜಿ’ ಎಂಬ ಲೆಕ್ಕಿಗ. ಯಂತ್ರದಲ್ಲಿ ಯಾವ ಪ್ಯಾಕೇಜ್ ಇದೆ, ಯಾವ ಆವೃತ್ತಿ, ಅದಕ್ಕೆ ಸೇರಿದ ಕಡತಗಳು ಯಾವುವು ಎಂದು ಬರೆದಿಡುವುದು ಅದರ ಕೆಲಸ.

ಆದರೆ ಡಿಪಿಕೆಜಿಗೆ ಇಂಟರ್ನೆಟ್ ಗೊತ್ತಿಲ್ಲ. ಒಂದು ಪ್ಯಾಕೇಜಿಗೆ ಇನ್ನೊಂದು ಬೇಕೆಂದರೆ ‘ಅದಿಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಬೇಕಾದುದನ್ನೆಲ್ಲ ತಾನೇ ಹುಡುಕಿ ತರುವ ‘ಆಪ್ಟ್’ ಡೆಬಿಯನ್‌ಗೆ ಅಧಿಕೃತವಾಗಿ ಬಂದದ್ದು 1999ರ 2.1 ಆವೃತ್ತಿಯಲ್ಲಿ. ಇಂದಿಗೂ ಉಬುಂಟುವಿನ ಆಪ್ ಅಂಗಡಿ, ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ಗಳಲ್ಲಿ ನಾವು ಡೆಬಿಯನ್ ಬಗೆಯ ಪ್ಯಾಕೇಜಿಗೆ ಗುಂಡಿ ಒತ್ತಿದಾಗ ತೆರೆಮರೆಯಲ್ಲಿ ದುಡಿಯುವುದು ಈ ಜೋಡಿಯೇ.

ವಿಂಡೋಸ್‌ನಲ್ಲಿ ಬಹುತೇಕ ಸಾಫ್ಟ್‌ವೇರ್‌ಗಳು ತಮಗೆ ಬೇಕಾದ ಲೈಬ್ರರಿಗಳನ್ನು ತಾವೇ ಹೊತ್ತು ತರುತ್ತವೆ. ಡೆಬಿಯನ್ ಕುಟುಂಬದಲ್ಲಿ ಹಾಗಲ್ಲ. ಶಬ್ದಕ್ಕೊಂದು, ಚಿತ್ರಕ್ಕೊಂದು, ಗೂಢಲಿಪಿಗೊಂದು ಲೈಬ್ರರಿ ಇಡೀ ಯಂತ್ರಕ್ಕೆ ಸಾಮಾನ್ಯವಾಗಿರುತ್ತದೆ. ಒಂದರಲ್ಲಿ ಭದ್ರತಾ ಲೋಪ ಕಂಡುಬಂದರೆ ಅದೊಂದನ್ನು ಸರಿಪಡಿಸಿದರೆ ಸಾಕು, ಬಳಸುವ ನೂರು ಸಾಫ್ಟ್‌ವೇರ್‌ಗಳೂ ಸರಿಯಾದಂತೆ. ಈ ಅನುಕೂಲಕ್ಕೆ ತೆರುವ ಬೆಲೆಯೆಂದರೆ, ಎಲ್ಲರೂ ಒಂದೇ ಆವೃತ್ತಿಗೆ ಒಪ್ಪಬೇಕು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 69 ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳಿವೆ. ಅಷ್ಟೂ ಒಂದಕ್ಕೊಂದು ಹೊಂದಿಕೊಂಡಿರುವುದೇ ಸೋಜಿಗ. ಹೊರಗಿನಿಂದ ನಾವು ತಂದು ತುರುಕುವ ಒಂದು ಕಡತ ಆ ಹೊಂದಾಣಿಕೆಯನ್ನು ಕೆಡಿಸಬಲ್ಲದು.

ಬೀಗ ಬಿದ್ದಿದ್ದರೆ ಕಾಯಿರಿ

ಹೊಸ ಉಬುಂಟುವಿನಲ್ಲಿ ಮೊದಲು ಎದುರಾಗುವ ಸಂದೇಶ ಸಾಮಾನ್ಯವಾಗಿ ಬೀಗದ್ದು: ‘ಕುಡ್ ನಾಟ್ ಗೆಟ್ ಲಾಕ್’. ಲೆಕ್ಕದ ಪುಸ್ತಕದಲ್ಲಿ ಇಬ್ಬರು ಶಾನುಭೋಗರು ಒಟ್ಟಿಗೇ ಬರೆಯಲು ಕೂತರೆ ಏನಾದೀತೋ ಅದನ್ನು ತಪ್ಪಿಸಲು ಇರುವ ಬೀಗವಿದು. ಒಂದು ಹೊತ್ತಿನಲ್ಲಿ ಒಬ್ಬರೇ ಬರೆಯಬೇಕು. ಬೀಗ ಯಾರ ಕೈಯಲ್ಲಿದೆ ಎಂಬುದನ್ನೂ ಸಂದೇಶವೇ ಹೇಳುತ್ತದೆ. ಒಂದು ಪ್ರೊಸೆಸ್ ಸಂಖ್ಯೆ, ಪಕ್ಕದಲ್ಲಿ ‘ಅನ್‌ಅಟೆಂಡೆಡ್-ಅಪ್‌ಗ್ರ್’ ಎಂಬ ಅರ್ಧಕ್ಕೆ ಕಡಿದ ಹೆಸರು. ಲಿನಕ್ಸ್ ಕರ್ನಲ್ ಪ್ರೊಸೆಸ್‌ನ ಹೆಸರಿಗೆ 15 ಅಕ್ಷರಗಳಷ್ಟೇ ಜಾಗ ಕೊಡುವುದರಿಂದ ಬಾಲ ತುಂಡಾಗಿದೆ. ಅದು ಭದ್ರತಾ ಅಪ್‌ಡೇಟ್‌ಗಳನ್ನು ತಾನಾಗಿ ಹಾಕುವ ಸೇವೆ. ಕಂಪ್ಯೂಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಅದು ಕೆಲಸಕ್ಕಿಳಿಯುವುದುಂಟು. ನಾವೂ ಅದೇ ಹೊತ್ತಿಗೆ ಹೋಗಿ ಬಾಗಿಲು ಬಡಿಯುತ್ತೇವೆ.

ಪರಿಹಾರ: ಒಂದು ಕಾಫಿ ಕುಡಿದು ಬನ್ನಿ. ಬೀಗದ ಕಡತವನ್ನೇ ಅಳಿಸಿಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ, ಕೇಳಬೇಡಿ. ಒಳಗೆ ಕೆಲಸ ನಡೆಯುತ್ತಿರುವಾಗ ಬೀಗ ಮುರಿದರೆ ಲೆಕ್ಕವೇ ಹಾಳಾಗುತ್ತದೆ.

ಇನ್ನೊಂದು ಸಂದರ್ಭ, ಅರ್ಧ ಕೆಲಸಕ್ಕೆ ಕರೆಂಟ್ ಹೋಗುವುದು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗಳಲ್ಲಿ ಇದು ಮಾಮೂಲು. ಪ್ಯಾಕೇಜ್ ಹಾಕುವುದು ಎರಡು ಹಂತದ ಕೆಲಸ: ಮೊದಲು ಕಡತಗಳನ್ನು ಬಿಚ್ಚಿ ಇಡುವುದು, ನಂತರ ಹೊಂದಿಸುವುದು. ‘ಡಿಪಿಕೆಜಿ -ಎಲ್’ ಎಂದು ಕೇಳಿದರೆ ಪ್ರತಿ ಪ್ಯಾಕೇಜಿನ ಎಡಗಡೆ ಎರಡು ಅಕ್ಷರ ಕಾಣುತ್ತವೆ. ಮೊದಲನೆಯದು ನಾವು ಬಯಸಿದ್ದು, ಎರಡನೆಯದು ನಿಜಕ್ಕೂ ಆಗಿರುವುದು. ‘ಐಐ’ ಇದ್ದರೆ ಎಲ್ಲ ಸರಿ. ‘ಐಯು’ ಇದ್ದರೆ ಬಿಚ್ಚಿದೆ, ಹೊಂದಿಸಿಲ್ಲ. ‘ಐಎಫ್’ ಇದ್ದರೆ ಹೊಂದಿಸುವಾಗ ಎಡವಿದೆ. ನಿಂತಲ್ಲಿಂದ ಮುಂದುವರಿಸಲು ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಎಂಬ ಆದೇಶವಿದೆ. ಇದನ್ನು ನೆನಪಿಟ್ಟುಕೊಳ್ಳುವ ಅಗತ್ಯವೂ ಇಲ್ಲ, ಮುಂದಿನ ಸಲ ಆಪ್ಟ್ ಬಳಸಿದಾಗ ಅದೇ ಈ ಆದೇಶವನ್ನು ಬರೆದು ತೋರಿಸುತ್ತದೆ. ಆಮೇಲೂ ಏನಾದರೂ ಕೊರತೆಯಿದ್ದರೆ ‘ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’.

ಇವೆರಡೂ ಕೆಲಸ ಮಾಡದಿದ್ದರೆ ಡಿಸ್ಕ್‌ನಲ್ಲಿ ಜಾಗವಿದೆಯೇ ನೋಡಿ. ‘ನೋ ಸ್ಪೇಸ್ ಲೆಫ್ಟ್’ ಎಂಬ ಸಾಲು ಉಳಿದ ಗದ್ದಲದ ನಡುವೆ ಹೂತುಹೋಗಿರುತ್ತದೆ. ‘ಡಿಎಫ್ -ಎಚ್’ ಎಂದರೆ ಪ್ರತಿ ವಿಭಾಗದ ಲೆಕ್ಕ ಸಿಗುತ್ತದೆ. ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿದ್ದರೂ ‘ಬೂಟ್’ ಎಂಬ ಪುಟ್ಟ ವಿಭಾಗ ಹಳೆಯ ಕರ್ನಲ್‌ಗಳಿಂದ ತುಂಬಿರುವುದುಂಟು. ‘ಸುಡೊ ಆಪ್ಟ್ ಆಟೊರಿಮೂವ್’ ಅವನ್ನು ತೆರವು ಮಾಡುತ್ತದೆ.

ಗಡಿಯಾರದ ಸೆಲ್ಲಿಗೂ ಸಾಫ್ಟ್‌ವೇರಿಗೂ ನಂಟು

ಸಾಫ್ಟ್‌ವೇರ್ ತರುವ ಮೊದಲು ಸರ್ವರ್‌ನಲ್ಲಿ ಏನೇನಿದೆ ಎಂಬ ಪಟ್ಟಿ ಬೇಕು. ‘ಸುಡೊ ಆಪ್ಟ್ ಅಪ್‌ಡೇಟ್’ ತರುವುದು ಆ ಪಟ್ಟಿಯನ್ನಷ್ಟೇ. ‘404 ನಾಟ್ ಫೌಂಡ್’ ಎಂದು ಬಂದರೆ ಬಹುಶಃ ನಮ್ಮಲ್ಲಿರುವ ಪಟ್ಟಿ ಹಳಸಿದೆ. ಪಟ್ಟಿಯಲ್ಲಿರುವ ಆವೃತ್ತಿಯನ್ನು ಸರ್ವರ್ ಆಗಲೇ ಬದಲಿಸಿದೆ. ಮತ್ತೊಮ್ಮೆ ಅಪ್‌ಡೇಟ್ ಕೊಟ್ಟರೆ ಸರಿಹೋಗುತ್ತದೆ. ಅಪ್‌ಡೇಟ್‌ನಲ್ಲೇ 404 ಬಂದರೆ ಬೇರೆ ಕಥೆ, ನಮ್ಮ ಆವೃತ್ತಿಯ ಅವಧಿಯೇ ಮುಗಿದಿರಬಹುದು. ಉಬುಂಟುವಿನ ಎಲ್‌ಟಿಎಸ್ ಎಂಬ ದೀರ್ಘಾವಧಿ ಆವೃತ್ತಿಗಳಿಗೆ 5 ವರ್ಷದ ಬೆಂಬಲ, ಉಳಿದವಕ್ಕೆ ಬರೀ 9 ತಿಂಗಳು. 2024ರ ಅಕ್ಟೋಬರ್‌ನಲ್ಲಿ ಬಂದ 24.10ರ ಆಯುಸ್ಸು 2025ರ ಜುಲೈಗೆ ಮುಗಿಯಿತು. ಅವಧಿ ಮುಗಿದ ಆವೃತ್ತಿಗಳ ಕಡತಗಳನ್ನು ಹಳೆಯ ಸರಕಿನ ಸರ್ವರ್‌ಗೆ ಸಾಗಿಸುತ್ತಾರೆ. ಮನೆಬಳಕೆಗೆ ಎಲ್‌ಟಿಎಸ್ ಹಾಕಿಕೊಂಡರೆ ಆ 5 ವರ್ಷ ಈ ತಲೆನೋವು ಇರುವುದಿಲ್ಲ.

ಹಳೆಯ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ದೋಷ ಬಲು ಸ್ವಾರಸ್ಯದ್ದು. ಇಂಟರ್ನೆಟ್ ಸಿಕ್ಕಿದೆ ಎಂದು ವೈಫೈ ಚಿಹ್ನೆ ತೋರಿಸುತ್ತಿದೆ, ಆದರೆ ಆಪ್ಟ್ ‘ರಿಲೀಸ್ ಕಡತ ಇನ್ನೂ ಜಾರಿಗೆ ಬಂದಿಲ್ಲ, ಇಷ್ಟು ದಿನ ಬಿಟ್ಟು ಜಾರಿಗೆ ಬರುತ್ತದೆ’ ಎಂಬರ್ಥದ ಮಾತು ಹೇಳುತ್ತದೆ. ಸರ್ವರ್‌ನ ಪಟ್ಟಿಯ ಮೇಲೆ ತಾರೀಖು ಇರುತ್ತದೆ. ಆ ತಾರೀಖು ನಮ್ಮ ಯಂತ್ರದ ಲೆಕ್ಕದಲ್ಲಿ ಭವಿಷ್ಯದ್ದಾದರೆ ಆಪ್ಟ್ ಅದನ್ನು ನಂಬುವುದಿಲ್ಲ. ಪರದೆಯ ಮೂಲೆಯ ಗಡಿಯಾರ ನೋಡಿದರೆ ಅಲ್ಲಿ ಯಾವುದೋ ಹಳೆಯ ವರ್ಷ! ಮದರ್‌ಬೋರ್ಡಿನ ಮೇಲಿರುವ, ನಾಣ್ಯದಾಕಾರದ ಸಿಆರ್2032 ಸೆಲ್ ಖಾಲಿಯಾಗಿ, ಪ್ಲಗ್ ತೆಗೆದಾಗಲೆಲ್ಲ ಕಂಪ್ಯೂಟರ್ ತಾರೀಖು ಮರೆಯುತ್ತಿದೆ. ತಾತ್ಕಾಲಿಕವಾಗಿ ತಾರೀಖು ಸರಿಪಡಿಸಿ, ಬಿಡುವಾದಾಗ ವಾಚ್ ರಿಪೇರಿ ಅಂಗಡಿಯಿಂದ ಒಂದು ಸೆಲ್ ತಂದು ಹಾಕಿ. ಸಾಫ್ಟ್‌ವೇರ್ ದೋಷಕ್ಕೆ ಮದ್ದು ವಾಚ್ ಅಂಗಡಿಯಲ್ಲಿ ಸಿಗುವುದು ಹೀಗೆ.

ಹೊರಗಿನ ಕಂಪನಿಯೊಂದರ ಸರ್ವರ್ ಸೇರಿಸಿಕೊಂಡಿದ್ದರೆ ‘ನೋ ಪಬ್‌ಕೀ’ ಎಂಬ ದೂರು ಬರಬಹುದು. ಪಟ್ಟಿಗೆ ಆ ಕಂಪನಿ ಹಾಕಿರುವ ಡಿಜಿಟಲ್ ಸಹಿಯನ್ನು ಪರೀಕ್ಷಿಸಲು ಬೇಕಾದ ಕೀಲಿ ನಮ್ಮಲ್ಲಿಲ್ಲ ಎಂದರ್ಥ. ಆ ಕಂಪನಿಯ ತಾಣದಿಂದಲೇ ಕೀಲಿ ತರಬೇಕು. ಪರೀಕ್ಷೆಯನ್ನೇ ಆಫ್ ಮಾಡುವ ಉಪಾಯ ಇದೆ, ಬಳಸಬಾರದು. ಸಹಿಯಿಲ್ಲದ ಪ್ಯಾಕೇಜಿಗೆ ಸುಡೊ ಅಧಿಕಾರ ಕೊಡುವುದೆಂದರೆ ಗುರುತು ಪರಿಚಯವಿಲ್ಲದವರಿಗೆ ಇಡೀ ಯಂತ್ರವನ್ನು ಒಪ್ಪಿಸಿದಂತೆಯೇ.

ಹೆಸರಿನ ತುದಿಗೆ ಅಂಟಿದ ‘ಟಿ64’

ಎಲ್ಲಕ್ಕಿಂತ ಹೆಚ್ಚು ಕಾಡುವುದು ಡೆಪೆಂಡೆನ್ಸಿ, ಅಂದರೆ ಒಂದು ಪ್ಯಾಕೇಜಿಗೆ ಇನ್ನೊಂದರ ಅವಲಂಬನೆ. ಒಂದು ನಿಜವಾದ ಪ್ರಸಂಗ ನೋಡಿ. 2024ರ ಏಪ್ರಿಲ್‌ನಲ್ಲಿ ಉಬುಂಟು 24.04 ಬಂದ ಮೇಲೆ, ಹಳೆಯ ಸೂಚನೆಗಳನ್ನು ನೋಡಿಕೊಂಡು ‘ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಎಸೌಂಡ್2’ ಎಂದು ಕೊಟ್ಟವರಿಗೆ, ಆ ಹೆಸರಿನದು ಈಗ ವರ್ಚುವಲ್ ಪ್ಯಾಕೇಜ್, ಅದನ್ನು ಎರಡು ಪ್ಯಾಕೇಜುಗಳು ಒದಗಿಸುತ್ತವೆ, ನೀವೇ ಒಂದನ್ನು ಆರಿಸಿ ಎಂಬ ಉತ್ತರ ಬಂತು. ವರ್ಷಗಟ್ಟಲೆ ಇದ್ದ ಧ್ವನಿ ಲೈಬ್ರರಿ ಎಲ್ಲಿ ಹೋಯಿತು?

ಎಲ್ಲೂ ಹೋಗಿಲ್ಲ. ಹೆಸರು ‘ಲಿಬ್‌ಎಸೌಂಡ್2ಟಿ64’ ಎಂದಾಗಿದೆ. ಬಾಲದ ‘ಟಿ64’ರ ಹಿಂದೆ 2038ನೇ ಇಸವಿ ಇದೆ. ಯೂನಿಕ್ಸ್ ಬಳಗದ ಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿವೆ. 32 ಬಿಟ್‌ನ ಎಣಿಕೆ 2038ರ ಜನವರಿ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿಹೋಗುತ್ತದೆ. ಅದಕ್ಕೆ ಮೊದಲೇ ಎಣಿಕೆಯನ್ನು 64 ಬಿಟ್‌ಗೆ ಏರಿಸಲು ಡೆಬಿಯನ್ ಮತ್ತು ಉಬುಂಟು ನೂರಾರು ಲೈಬ್ರರಿಗಳನ್ನು ಹೊಸದಾಗಿ ಕಟ್ಟಿದವು. ಹಳತು ಹೊಸತು ಬೆರೆಯದಿರಲಿ ಎಂದು ಹೆಸರಿನ ತುದಿಗೆ ಗುರುತು ಹಾಕಿದವು. ಮನೆಯ 64 ಬಿಟ್ ಕಂಪ್ಯೂಟರಿಗೆ ಈ ಬದಲಾವಣೆ ಬೇಕಿರಲೇ ಇಲ್ಲ, ಮುಖ್ಯವಾಗಿ ಅದು 32 ಬಿಟ್ ಆರ್ಮ್ ಯಂತ್ರಗಳಿಗಾಗಿ ಆದದ್ದು. ಆದರೂ ಹೆಸರುಗಳು ಎಲ್ಲೆಡೆ ಒಂದೇ ಆಗಿರಲೆಂದು ನಮ್ಮಲ್ಲೂ ಬದಲಾದವು. ಹೊಸ ಹೆಸರು ಟೈಪ್ ಮಾಡಿದರೆ ಸಮಸ್ಯೆ ಮುಗಿಯಿತು. ಸಂದೇಶದಲ್ಲೇ ಆ ಹೆಸರಿತ್ತು.

ಇದಕ್ಕೆ ಹೋಲುವ, ಆದರೆ ಮದ್ದು ಬೇರೆಯಾದ ಪ್ರಸಂಗ ಗೂಢಲಿಪಿ ಲೈಬ್ರರಿ ‘ಲಿಬ್‌ಎಸ್‌ಎಸ್‌ಎಲ್1.1’ರದ್ದು. ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ 3ಕ್ಕೆ ದಾಟಿಕೊಂಡು ಹಳೆಯದನ್ನು ಕೈಬಿಟ್ಟಿತು. ಹಳೆಯದನ್ನೇ ನಂಬಿದ್ದ ‘ಡೆಬ್’ ಪ್ಯಾಕೇಜ್ ಕಡತಗಳು ಇನ್‌ಸ್ಟಾಲ್ ಆಗಲಿಲ್ಲ. ಹಿಂದಿನ ಆವೃತ್ತಿಯ ಸರ್ವರ್‌ನಿಂದ ಆ ಲೈಬ್ರರಿಯನ್ನು ಎತ್ತಿ ತಂದು ಹಾಕಿದವರುಂಟು, ಕೆಲಸವೂ ಆಗುತ್ತದೆ. ಆದರೆ ಓಪನ್‌ಎಸ್‌ಎಸ್‌ಎಲ್ 1.1.1ಕ್ಕೆ ಮೂಲ ಯೋಜನೆಯ ಸಾರ್ವಜನಿಕ ಬೆಂಬಲ 2023ರ ಸೆಪ್ಟೆಂಬರ್‌ನಲ್ಲೇ ಮುಗಿದಿದೆ. ಹೀಗೆ ಬೇರೆ ಕಡೆಯಿಂದ ತಂದ ಲೈಬ್ರರಿಗೆ ಮುಂದೆ ಅಪ್‌ಡೇಟ್ ಬರುವುದಿಲ್ಲ. ಆ ಸಾಫ್ಟ್‌ವೇರಿನ ಹೊಸ ಆವೃತ್ತಿ ಇದೆಯೇ ನೋಡುವುದು ಮೊದಲ ದಾರಿ. ಬೇಕಾದ ಲೈಬ್ರರಿಗಳನ್ನು ತನ್ನೊಳಗೇ ಇಟ್ಟುಕೊಂಡು ಬರುವ ಫ್ಲಾಟ್‌ಪ್ಯಾಕ್ ಅಥವಾ ಸ್ನ್ಯಾಪ್ ರೂಪದಲ್ಲಿ ಅದು ಸಿಗುತ್ತದೆಯೇ ಎಂಬುದು ಎರಡನೆಯದು.

ಎಲ್ಲ ಸಂದೇಶಗಳೂ ಇಷ್ಟು ನೇರವಾಗಿರುವುದಿಲ್ಲ ಎಂಬುದೂ ನಿಜ. ‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಎಂಬ ಕುಖ್ಯಾತ ಸಾಲು ಓದಿದರೆ ನಾವೇ ಏನನ್ನೋ ಹಿಡಿದಿಟ್ಟು ಮುರಿದಂತೆ ಅನ್ನಿಸುತ್ತದೆ. ಎಷ್ಟೋ ಸಲ ಹಿಡಿದಿಟ್ಟ ಪ್ಯಾಕೇಜ್ ಒಂದೂ ಇರುವುದಿಲ್ಲ. ಆಪ್ಟ್‌ಗೆ ಎಲ್ಲರನ್ನೂ ಒಪ್ಪಿಸುವ ಸೂತ್ರ ಹೊಳೆದಿಲ್ಲ, ಅಷ್ಟೆ. ಸಾವಿರಾರು ಷರತ್ತುಗಳನ್ನು ಏಕಕಾಲಕ್ಕೆ ಸರಿದೂಗಿಸುವ ಈ ಲೆಕ್ಕ ಕಂಪ್ಯೂಟರ್ ವಿಜ್ಞಾನದ ‘ಎನ್‌ಪಿ-ಕಂಪ್ಲೀಟ್’ ಎಂಬ ಕಠಿಣ ವರ್ಗಕ್ಕೆ ಸೇರಿದ್ದು. ಇಂಥಲ್ಲಿ ‘ಆಪ್ಟ್ ಪಾಲಿಸಿ’ ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರು ಕೊಡಿ. ಯಂತ್ರದಲ್ಲಿ ಯಾವ ಆವೃತ್ತಿ ಇದೆ, ಯಾವ ಸರ್ವರ್ ಯಾವುದನ್ನು ಕೊಡುತ್ತಿದೆ ಎಂಬುದು ಪಕ್ಕಪಕ್ಕದಲ್ಲಿ ಕಾಣುತ್ತದೆ. ಎಂದೋ ಸೇರಿಸಿ ಮರೆತ ಹೊರಗಿನ ಸರ್ವರ್ ಒಂದು ಅಲ್ಲಿ ಸಿಕ್ಕಿಬೀಳುವುದೇ ಹೆಚ್ಚು.

ತೆಗೆಯುವ ಪಟ್ಟಿ ಓದದಿದ್ದರೆ

2021ರ ನವೆಂಬರ್‌ನಲ್ಲಿ ಕೆನಡಾದ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್, ಲಿನಕ್ಸ್‌ನಲ್ಲೇ ಆಟವಾಡುವ ಸವಾಲಿನ ವಿಡಿಯೊ ಹಾಕಿದರು. ‘ಪಾಪ್ ಓಎಸ್’ನಲ್ಲಿ ಗೇಮಿಂಗ್ ಸಾಫ್ಟ್‌ವೇರ್ ‘ಸ್ಟೀಮ್’ ಹಾಕಲು ಹೋದರೆ ಅಂಗಡಿಯ ಗುಂಡಿ ಕೈಕೊಟ್ಟಿತು. ಟರ್ಮಿನಲ್‌ನಲ್ಲಿ ಕೊಟ್ಟರೆ ಆಪ್ಟ್ ಉದ್ದದ ಪಟ್ಟಿ ತೋರಿಸಿ, ಅಪಾಯವಿದೆ, ಮುಂದುವರಿಯಬೇಕಾದರೆ ‘ಯೆಸ್, ಡೂ ಆ್ಯಸ್ ಐ ಸೇ!’ ಎಂದು ಪೂರ್ತಿ ಬರೆಯಿರಿ ಎಂದಿತು. ಅವರು ಬರೆದರು. ಪಟ್ಟಿಯಲ್ಲಿದ್ದದ್ದು ತೆಗೆದುಹಾಕಲಿರುವ ಪ್ಯಾಕೇಜುಗಳು, ಅದರಲ್ಲಿ ಡೆಸ್ಕ್‌ಟಾಪ್ ಕೂಡ ಸೇರಿತ್ತು. ಕ್ಷಣದಲ್ಲಿ ಕಿಟಕಿ, ಮೆನು, ಚಿತ್ರಗಳೆಲ್ಲ ಹೋಗಿ ಕಪ್ಪು ಪರದೆ ಉಳಿಯಿತು.

ತಪ್ಪು ಅವರೊಬ್ಬರದಲ್ಲ. ಆ ಹೊತ್ತಿಗೆ ಸರ್ವರ್‌ನಲ್ಲೇ ಪ್ಯಾಕೇಜುಗಳ ಹೊಂದಾಣಿಕೆ ತಪ್ಪಿತ್ತು. ಬಳಿಕ ಆಪ್ಟ್ ತಯಾರಕರು, ಒಂದು ವಾಕ್ಯ ಬರೆದು ದಾಟುವ ಆ ದಾರಿಯನ್ನು ಮುಚ್ಚಿದರು. ಸಿಸ್ಟಂಗೆ ಅತ್ಯಗತ್ಯವಾದುದನ್ನು ತೆಗೆಯಬೇಕಾದರೆ ಈಗ ಬೇರೆಯದೇ ಆಯ್ಕೆಯನ್ನು ಬೇಕೆಂದೇ ಕೊಡಬೇಕು. ನಮಗೆ ಉಳಿಯುವ ಪಾಠ ಚಿಕ್ಕದು: ‘ವೈ’ ಒತ್ತುವ ಮೊದಲು ‘ರಿಮೂವ್ಡ್’ ಅಥವಾ ‘ರಿಮೂವಿಂಗ್’ ಎಂಬ ತಲೆಬರಹ ಇದೆಯೇ ನೋಡಿ. ಒಂದು ಹಾಕಲು ಹೋದಾಗ ಇಪ್ಪತ್ತು ಹೋಗುತ್ತಿವೆ ಎಂದರೆ ‘ಎನ್’ ಒತ್ತಿ. ಅನುಮಾನವಿದ್ದರೆ ಆದೇಶದಲ್ಲಿ ‘-ಎಸ್’ ಸೇರಿಸಿ. ಆಪ್ಟ್ ಏನನ್ನೂ ಮುಟ್ಟದೆ, ಮಾಡಿದರೆ ಏನಾಗುತ್ತದೆಂದು ತೋರಿಸುತ್ತದೆ. ದೊಡ್ಡ ಬದಲಾವಣೆಗೆ ಮೊದಲು ‘ಟೈಮ್‌ಶಿಫ್ಟ್’ನಲ್ಲಿ ಒಂದು ಪ್ರತಿ ಉಳಿಸಿಕೊಳ್ಳಿ. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ.

ಎಂಜಿನಿಯರಿಂಗ್ ಹುಡುಗರು ಎಡವುವ ಜಾಗವೂ ಇಂಥದ್ದೇ: ಪೈಥಾನ್ ಲೈಬ್ರರಿ ಹಾಕುವುದು. ‘ಪಿಪ್ ಇನ್‌ಸ್ಟಾಲ್’ ಎಂದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್’ ಎಂಬ ನಿರಾಕರಣೆ. ಡೆಬಿಯನ್ 12ರಿಂದ, ಉಬುಂಟು 23.04ರಿಂದ ಇದು ನಿಯಮ. ಡೆಸ್ಕ್‌ಟಾಪ್‌ನ ಎಷ್ಟೋ ಉಪಕರಣಗಳು ಸಿಸ್ಟಂನ ಪೈಥಾನ್ ಮೇಲೆ ನಿಂತಿವೆ. ಕಾಲೇಜಿನ ಪ್ರಾಜೆಕ್ಟ್‌ಗೆಂದು ಅದರ ಲೈಬ್ರರಿ ಬದಲಿಸಿದರೆ ಅವು ಕುಸಿಯುತ್ತವೆ. ಈ ನಿರಾಕರಣೆಯನ್ನು ದಾಟಲು ಇರುವ ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’ ಎಂಬ ಆಯ್ಕೆಯ ಹೆಸರಲ್ಲೇ ಅದರ ಫಲ ಬರೆದಿದೆ. ಪ್ರಾಜೆಕ್ಟ್‌ಗೊಂದು ‘ವೆನ್ವ್’ ಎಂಬ ಪ್ರತ್ಯೇಕ ಪೈಥಾನ್ ಪರಿಸರ ಮಾಡಿಕೊಳ್ಳುವುದು ಎರಡೇ ಸಾಲಿನ ಕೆಲಸ.

ಇನ್‌ಸ್ಟಾಲ್ ಆಯಿತು, ಕನ್ನಡ ಮಾತ್ರ ಬರಲಿಲ್ಲ

ಒಂದು ದೋಷವೂ ತೋರದೆ ಇನ್‌ಸ್ಟಾಲ್ ಮುಗಿದು, ಸಾಫ್ಟ್‌ವೇರ್ ಮಾತ್ರ ಕಾಣದಿರುವುದು ಇನ್ನೊಂದು ಬಗೆ. ಕನ್ನಡ ಟೈಪಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಕನ್ನಡ ಫಾಂಟ್‌ಗಳು ಡೆಬಿಯನ್, ಉಬುಂಟು ಭಂಡಾರದಲ್ಲೇ ಇವೆ. ನುಡಿ ಬಳಸಿದವರಿಗೆ ರೂಢಿಯಾದ ಕಗಪ ಕೀಲಿಮಣೆ ವಿನ್ಯಾಸ ‘ಐಬಸ್-ಎಂ17ಎನ್’ ಎಂಬ ಪ್ಯಾಕೇಜಿನೊಂದಿಗೆ ಸಿಗುತ್ತದೆ. ಅದನ್ನು ಹಾಕಿ ಸೆಟ್ಟಿಂಗ್ಸ್ ತೆರೆದರೆ ಕನ್ನಡದ ಕೆಳಗೆ ಕಗಪದ ಹೆಸರಾದ ‘ಕೆಜಿಪಿ’ ಕಾಣುವುದಿಲ್ಲ. ಐಬಸ್ ಲಾಗಿನ್ ಆದಾಗ ಶುರುವಾಗುವ ಸೇವೆ, ಆಮೇಲೆ ಬಂದ ವಿನ್ಯಾಸ ಅದಕ್ಕೆ ತಿಳಿದಿರುವುದಿಲ್ಲ. ಒಮ್ಮೆ ಲಾಗ್‌ಔಟ್ ಆಗಿ ಬಂದು, ಕೀಬೋರ್ಡ್ ಸೆಟ್ಟಿಂಗ್ಸ್‌ನ ಇನ್‌ಪುಟ್ ಸೋರ್ಸಸ್‌ನಲ್ಲಿ ಸೇರಿಸಿದರೆ ಆಯಿತು.

ಇನ್ನು ಹಳೆಯ ನುಡಿ, ಬರಹ ಕಡತಗಳನ್ನು ತೆರೆದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಂಡರೆ ಯಾವ ಪ್ಯಾಕೇಜನ್ನೂ ದೂರಬೇಡಿ. ಅವು ಯೂನಿಕೋಡ್‌ಗೆ ಮೊದಲಿನ ಬರವಣಿಗೆ. ಆ ಫಾಂಟೇ ಬೇಕು, ಇಲ್ಲವೇ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಕೇಳುವ ಕ್ರಮ

ಇಷ್ಟರ ಮೇಲೂ ಬಗೆಹರಿಯದಿದ್ದರೆ ಬಲ್ಲವರನ್ನು ಕೇಳಬೇಕು. ‘ಇನ್‌ಸ್ಟಾಲ್ ಆಗ್ತಿಲ್ಲ ಸಾರ್’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಡಿಸ್ಟ್ರೊ (ಉಬುಂಟುವೋ, ಮಿಂಟೋ), ಎಷ್ಟನೇ ಆವೃತ್ತಿ, ಕೊಟ್ಟ ಆದೇಶವೇನು, ಬಂದ ಉತ್ತರವೇನು, ಇವು ನಾಲ್ಕೂ ಇರಲಿ. ಉತ್ತರವನ್ನು ಮೊಬೈಲಿನಲ್ಲಿ ಫೋಟೊ ಹೊಡೆಯುವ ಬದಲು ಪಠ್ಯವಾಗಿಯೇ ಕಾಪಿ ಮಾಡಿ, ಮೊದಲ ದೋಷದ ಸಾಲಿನಿಂದ ಹಿಡಿದು. ಕೊನೆಯ ಸಾಲು ಸಾಮಾನ್ಯವಾಗಿ ಪರಿಣಾಮ. ಕಾರಣ ಮೇಲೆಲ್ಲೋ ಇರುತ್ತದೆ. ಕಿಟಕಿ ಮುಚ್ಚಿಬಿಟ್ಟಿದ್ದರೂ ಚಿಂತೆಯಿಲ್ಲ. ‘ವಾರ್’ ಫೋಲ್ಡರಿನೊಳಗಿನ ‘ಲಾಗ್’ನಲ್ಲಿ ‘ಆಪ್ಟ್’ ಎಂಬ ಜಾಗದಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಏನು ಹಾಕಿದಿರಿ, ಏನು ತೆಗೆದಿರಿ ಎಂಬ ‘ಹಿಸ್ಟರಿ’ ಕಡತವಿದೆ. ‘ನಾನೇನೂ ಮಾಡಿಲ್ಲ, ತಾನಾಗೇ ಕೆಟ್ಟಿತು’ ಎಂಬ ಮಾತು ಅದರ ಮುಂದೆ ನಿಲ್ಲುವುದಿಲ್ಲ.

ಕೆಲವೊಮ್ಮೆ ತಪ್ಪು ನಿಜಕ್ಕೂ ಪ್ಯಾಕೇಜಿನದೇ ಆಗಿರುತ್ತದೆ. ಆಗ ಅದನ್ನು ದಾಖಲಿಸಿ. ‘ಆಪ್ಟ್ ಶೋ’ ಎಂದು ಪ್ಯಾಕೇಜಿನ ಹೆಸರು ಕೊಟ್ಟರೆ ‘ಮೇಂಟೇನರ್’ ಎಂಬ ಸಾಲಿನಲ್ಲಿ ಅದನ್ನು ನೋಡಿಕೊಳ್ಳುವವರ ಹೆಸರಿರುತ್ತದೆ. ದೂರು ಕಳಿಸಲು ಡೆಬಿಯನ್‌ನಲ್ಲಿ ‘ರಿಪೋರ್ಟ್‌ಬಗ್’, ಉಬುಂಟುವಿನಲ್ಲಿ ‘ಉಬುಂಟು-ಬಗ್’ ಇವೆ. ಬ್ರೌಸರಿನಲ್ಲಿ ಲೋಪವಿದ್ದರೆ ಲೋಕವೆಲ್ಲ ಕೂಗುತ್ತದೆ, ನಾಳೆಯೇ ಸರಿಯಾದೀತು. ಕನ್ನಡದ ಒಂದು ಫಾಂಟಿನಲ್ಲಿ ಒತ್ತಕ್ಷರ ಕೆಟ್ಟರೆ, ಕಗಪ ವಿನ್ಯಾಸದಲ್ಲಿ ಒಂದು ಕೀಲಿ ತಪ್ಪಿದರೆ ಹೇಳಬೇಕಾದವರು ನಾವೇ. ಆ ಪ್ಯಾಕೇಜುಗಳನ್ನು ನೋಡಿಕೊಳ್ಳುವವರಲ್ಲಿ ಕನ್ನಡ ಓದಲು ಬಾರದವರೂ ಇರುತ್ತಾರೆ, ತಪ್ಪಿದೆ ಎಂದು ಅವರಿಗೆ ತಾನಾಗಿ ಗೊತ್ತಾಗುವ ದಾರಿ ಇಲ್ಲ.